ಚಳಿಗಾಲದ ಚಾರಣ: ‘ಗುಂಪಿನಲ್ಲಿ ಹೋದರೆ ಏನೂ ಆಗಲ್ಲ’ ಎನ್ನುವುದು ಎಷ್ಟು ನಿಜ?

ಡಿಸೆಂಬರ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಒಂದು, ಮೋಡದ ಮೇಲೆ ತೇಲುತ್ತಿರುವಂತೆ ಕಾಣುವ ಬೆಟ್ಟದ ಫೋಟೊ, ಜತೆಗೆ ಚಾರಣ ಕ್ಲಬ್ಬಿನ ಪೋಸ್ಟರ್. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು, ಶನಿವಾರ ಬೆಟ್ಟ ಹತ್ತಿ ಇಳಿದು, ಭಾನುವಾರ ಬೆಳಗಾಗುವಷ್ಟರಲ್ಲಿ ಮನೆ. ಇನ್ನೊಂದು, ಹೀಗೆ ಹೊರಟವರಿಗೆ ಸಿಗುವ ಪುಕ್ಕಟೆ ಸಲಹೆ. ಒಂದು ಪೆಗ್ ರಮ್ ಹಾಕಿದರೆ ಚಳಿ ಹತ್ತಿರ ಸುಳಿಯಲ್ಲ, ತಲೆ ಮತ್ತು ಕಿವಿ ಮುಚ್ಚಿದರೆ ಸಾಕು, ಚಳಿಗಾಲದಲ್ಲಿ ನೀರು ಹೊರುವುದು ದಂಡ, ಕರ್ಪೂರ ಮೂಸಿದರೆ ಉಸಿರು ಕಟ್ಟಲ್ಲ. ಇವೆಲ್ಲದರ ಕೊನೆಗೆ ಒಂದು ಧೈರ್ಯದ ಮಾತು: ಗುಂಪಿನಲ್ಲಿ ತಾನೇ ಹೋಗೋದು, ಏನೂ ಆಗಲ್ಲ.

ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ನಿಜ. ನಮಗೆ ಹೆಚ್ಚು ಚಿಂತೆಯಾಗುವುದು ಕೊನೆಯ ಮಾತಿನ ಬಗ್ಗೆ. ಅಲ್ಲಿಗೆ ಬರುವ ಮೊದಲು ಚಳಿಯ ಲೆಕ್ಕ ನೋಡಿಬಿಡೋಣ.

ಹಿಮ ಬೀಳದ ಊರಲ್ಲಿ ಎಂಥ ಚಳಿ?

ಕರ್ನಾಟಕದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ 1,930 ಮೀಟರ್. ಚಾರಣಿಗರ ಅಚ್ಚುಮೆಚ್ಚಿನ ಕುಮಾರ ಪರ್ವತ 1,712 ಮೀಟರ್. ಸರಾಸರಿ ಲೆಕ್ಕದಲ್ಲಿ ಪ್ರತಿ 1,000 ಮೀಟರ್ ಮೇಲೇರಿದಂತೆ ಗಾಳಿಯ ಉಷ್ಣಾಂಶ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತದ ತುದಿಗೆ ಏರು ಸುಮಾರು 1,600 ಮೀಟರ್. ಅಂದರೆ ಕೆಳಗೆ 28 ಡಿಗ್ರಿ ಇದ್ದರೆ ಮೇಲೆ 18 ಡಿಗ್ರಿ. (ಮೋಡವಿಲ್ಲದ ಚಳಿಗಾಲದ ರಾತ್ರಿಗಳಲ್ಲಿ ಇದು ಉಲ್ಟಾ ಆಗುವುದೂ ಉಂಟು. ತಣ್ಣನೆಯ ಭಾರವಾದ ಗಾಳಿ ಕಣಿವೆಗೆ ಇಳಿದು ಕೂರುತ್ತದೆ, ಮಂಜೂ ಅಲ್ಲೇ ಕಟ್ಟಿಕೊಳ್ಳುತ್ತದೆ. ಸ್ಕಂದಗಿರಿಯ ಮೇಲಿಂದ ಕಾಣುವ ಆ ‘ಮೋಡದ ಸಮುದ್ರ’ದ ಗುಟ್ಟು ಇದೇ.)

18 ಡಿಗ್ರಿ ಎಂದರೆ ಯಾರೂ ಹೆದರುವ ಸಂಖ್ಯೆಯಲ್ಲ. ಸಮಸ್ಯೆ ಥರ್ಮಾಮೀಟರಿನಲ್ಲಿಲ್ಲ, ಮೈಮೇಲಿನ ಅಂಗಿಯಲ್ಲಿದೆ. ಏರು ಹತ್ತುವಾಗ ನಮ್ಮ ಸ್ನಾಯುಗಳು ಸುಮ್ಮನೆ ಕೂತಾಗಿನದಕ್ಕಿಂತ ಹಲವು ಪಟ್ಟು ಶಾಖ ಹುಟ್ಟಿಸುತ್ತವೆ. ಬೆವರು ಕಿತ್ತು ಬರುತ್ತದೆ, ಬನಿಯನ್ ತೊಯ್ದು ತೊಪ್ಪೆಯಾಗುತ್ತದೆ. ತುದಿ ಮುಟ್ಟಿ ಫೋಟೊಗೆಂದು ನಿಂತಿರೋ, ಶಾಖದ ಉತ್ಪಾದನೆ ನಿಂತಿತು. ಬೆವರು ಆರುವುದು ಮಾತ್ರ ನಿಲ್ಲುವುದಿಲ್ಲ. ಗಾಳಿಗಿಂತ ನೀರು ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಚರ್ಮಕ್ಕೆ ಅಂಟಿಕೊಂಡು ನಿಂತಿರುವ ಬೆಚ್ಚನೆಯ ಗಾಳಿಯ ತೆಳು ಪದರವನ್ನು ಬೆಟ್ಟದ ಗಾಳಿ ಹಾರಿಸಿಕೊಂಡು ಹೋಗುತ್ತದೆ. ಐದು ನಿಮಿಷದ ಹಿಂದೆ ಸೆಕೆ ಎಂದು ಜಾಕೆಟ್ ಬಿಚ್ಚಿದವರೇ ಈಗ ಹಲ್ಲು ಕಡಿಯುತ್ತಾರೆ.

ದೇಹದ ಒಳಗಿನ ಉಷ್ಣಾಂಶ ಮಾಮೂಲಿಯಾಗಿ 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಇದಕ್ಕೆ ಹೊರಗೆ ಸೊನ್ನೆ ಡಿಗ್ರಿ ಇರಲೇಬೇಕೆಂದಿಲ್ಲ. ಒದ್ದೆ ಬಟ್ಟೆ, ಗಾಳಿ, ದಣಿವು, ಖಾಲಿ ಹೊಟ್ಟೆ ನಾಲ್ಕೂ ಸೇರಿದರೆ 10 ಡಿಗ್ರಿಯ ಆಸುಪಾಸಿನಲ್ಲೂ ಸಾಧ್ಯ. ನಮ್ಮ ಬೆಟ್ಟಗಳಲ್ಲಿ ಬಿಸಿಲಿರುವ ದಿನ ಈ ಭಯ ಕಡಿಮೆ ಎಂಬುದು ನಿಜ. ಆದರೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವುದೂ ನವೆಂಬರ್, ಡಿಸೆಂಬರ್‌ನಲ್ಲೇ. ಆಗ ಬೀಳುವ ಜಿಟಿಜಿಟಿ ಮಳೆಯಲ್ಲಿ ನೆನೆದು, ಬಯಲು ಗುಡ್ಡದ ಗಾಳಿಗೆ ಎರಡು ಗಂಟೆ ಸಿಕ್ಕಿಕೊಂಡರೆ ಲೆಕ್ಕ ಬೇರೆಯಾಗುತ್ತದೆ.

ಹಿಮಾಲಯದಲ್ಲಂತೂ ಚಳಿಗಾಲಕ್ಕೆ ಕಾಯಬೇಕಿಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಲುಕಿ 9 ಮಂದಿ ಸತ್ತರು. ತಂಡದಲ್ಲಿದ್ದ ಬಹುತೇಕರು ಕರ್ನಾಟಕದವರು. ಅದು ಒಂದು ದಿನದ ಚಾರಣವಲ್ಲ, 4,000 ಮೀಟರಿಗೂ ಮೇಲಿನ ಮಾತು, ಇಲ್ಲಿಗೆ ನೇರವಾಗಿ ಹೋಲಿಸುವುದು ತಪ್ಪು. ಆದರೂ ಜೂನ್ ಎಂದರೆ ಬೇಸಿಗೆ, ಗುಂಪು ಎಂದರೆ ರಕ್ಷಣೆ ಎಂಬ ಎರಡೂ ನಂಬಿಕೆಗಳನ್ನು ಅದು ಒಟ್ಟಿಗೇ ಅಲುಗಾಡಿಸಿತು.

ಹಾಗಾದರೆ ಏನು ಹಾಕಿಕೊಳ್ಳಬೇಕು? ಜೀನ್ಸ್ ಬೇಡ. ಹತ್ತಿ ನೀರು ಕುಡಿಯುತ್ತದೆ, ಬೇಗ ಒಣಗುವುದಿಲ್ಲ. ಆಟದ ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ಟಿ-ಶರ್ಟ್ ಇದಕ್ಕಿಂತ ಎಷ್ಟೋ ಮೇಲು. ಉಣ್ಣೆ ಒದ್ದೆಯಾದರೂ ಒಂದಷ್ಟು ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಮಲೆನಾಡಿನ ರೈತರು ಮಳೆಯಲ್ಲಿ ಗದ್ದೆಗಿಳಿಯುವಾಗ ಕಂಬಳಿಕೊಪ್ಪೆ ಹಾಕುತ್ತಿದ್ದುದು ಸುಮ್ಮನೆ ಅಲ್ಲ. ಎಲ್ಲಕ್ಕಿಂತ ಮುಖ್ಯ, ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಒಣ ಅಂಗಿ. ತುದಿ ತಲುಪಿದ ತಕ್ಷಣ ಫೋಟೊಗೆ ಮೊದಲು ಅಂಗಿ ಬದಲಿಸಿ.

ರಮ್ಮು, ಟೋಪಿ, ನೀರು, ಕರ್ಪೂರ

ಮದ್ಯ ಕುಡಿದರೆ ಬೆಚ್ಚಗೆ ಅನಿಸುವುದು ಸುಳ್ಳಲ್ಲ. ಚಳಿಯಾದಾಗ ದೇಹ ಚರ್ಮದ ರಕ್ತನಾಳಗಳನ್ನು ಕುಗ್ಗಿಸಿ ಬಿಸಿ ರಕ್ತವನ್ನು ಹೃದಯ, ಶ್ವಾಸಕೋಶಗಳ ಸುತ್ತ ಕಾಪಾಡಿಕೊಳ್ಳುತ್ತದೆ. ಮದ್ಯ ಆ ನಾಳಗಳನ್ನು ಮತ್ತೆ ಹಿಗ್ಗಿಸುತ್ತದೆ. ಬಿಸಿ ರಕ್ತ ಚರ್ಮಕ್ಕೆ ನುಗ್ಗುತ್ತದೆ, ಕೆನ್ನೆ ಕೆಂಪಾಗುತ್ತದೆ, ಹಾಯೆನಿಸುತ್ತದೆ. ಅದೇ ಹೊತ್ತಿಗೆ ಒಳಗಿನ ಶಾಖ ಹೊರಗೆ ಸೋರಿಹೋಗುತ್ತಿರುತ್ತದೆ. ಚಳಿಗಾಲದಲ್ಲಿ ಮನೆ ಬೆಚ್ಚಗಾಗಲಿ ಎಂದು ಒಲೆ ಹಚ್ಚಿ ಕಿಟಕಿ ಬಾಗಿಲು ತೆರೆದಿಟ್ಟ ಹಾಗೆ. ಜತೆಗೆ ಮೈ ನಡುಗುವುದು, ಅಂದರೆ ದೇಹದ ಸ್ವಂತ ಹೀಟರ್, ಮಂದವಾಗುತ್ತದೆ. ಕಲ್ಲು ಮೆಟ್ಟಿಲ ಇಳಿಜಾರಿನಲ್ಲಿ ಕಾಲು ಎಲ್ಲಿಡಬೇಕು ಎನ್ನುವ ವಿವೇಕವೂ ಕೈಕೊಡುತ್ತದೆ.

ತಲೆಯಿಂದಲೇ ಮೈಯ ಅರ್ಧದಷ್ಟು ಶಾಖ ಹೋಗುತ್ತದೆ ಎನ್ನುವುದಕ್ಕೂ ಒಂದು ಇತಿಹಾಸವಿದೆ. ಅಮೆರಿಕದ ಸೇನೆಯ 1970ರ ಒಂದು ಕೈಪಿಡಿ ಶೇ 40ರಿಂದ 45 ಎಂದು ಬರೆದಿತ್ತು. ತಲೆ ಮೈಯ ಮೇಲ್ಮೈಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು, ಬಿಟ್ಟರೆ ಅದರಿಂದ ಹೋಗುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಬ್ರಿಟಿಷ್ ಮೆಡಿಕಲ್ ಜರ್ನಲ್ 2008ರಲ್ಲೇ ಇದನ್ನು ವೈದ್ಯಕೀಯ ಮಿಥ್ಯೆಗಳ ಸಾಲಿಗೆ ಸೇರಿಸಿತು. ಟೋಪಿ ಹಾಕಿ, ಒಳ್ಳೆಯದೇ. ಅದನ್ನು ನಂಬಿಕೊಂಡು ಒದ್ದೆ ಬನಿಯನ್‌ನಲ್ಲಿ ನಿಲ್ಲಬೇಡಿ ಅಷ್ಟೇ.

ನೀರಿನ ಸಲಹೆ ನಮ್ಮ ಪ್ರಕಾರ ಇವೆಲ್ಲದರಲ್ಲಿ ಅತಿ ಕೆಟ್ಟದ್ದು. ಚಳಿಯಲ್ಲಿ ಬಾಯಾರಿಕೆ ಕಡಿಮೆಯಾಗುತ್ತದೆ, ನೀರಿನ ಅಗತ್ಯ ಅಷ್ಟೇನೂ ಕಡಿಮೆಯಾಗುವುದಿಲ್ಲ. ಚರ್ಮದ ರಕ್ತ ಒಳಗೆ ಸರಿದಾಗ ‘ರಕ್ತ ಜಾಸ್ತಿಯಾಯಿತು’ ಎಂದುಕೊಂಡ ಮೂತ್ರಪಿಂಡಗಳು ನೀರನ್ನು ಹೊರಹಾಕುತ್ತವೆ. ಚಳಿಗೆ ಪದೇಪದೇ ಮೂತ್ರಕ್ಕೆ ಹೋಗುವುದು ಇದಕ್ಕೇ. ಒಣ ಗಾಳಿಗೆ ಬೆವರು ಕಾಣಿಸದೆ ಆರಿಹೋಗುತ್ತದೆ. ಇನ್ನು ಕುಮಾರ ಪರ್ವತದಲ್ಲಿ ಭಟ್ಟರ ಮನೆ ದಾಟಿದ ಮೇಲೆ ಬಹುಪಾಲು ಬಯಲು ಹುಲ್ಲುಗಾವಲು, ನೆತ್ತಿಯ ಮೇಲೆ ನೇರ ಬಿಸಿಲು. ಜನವರಿಯಲ್ಲೂ ಮಧ್ಯಾಹ್ನ ಅಲ್ಲಿ ಚಳಿಗಿಂತ ನೀರಿನ ಕೊರತೆಯೇ ಹೆಚ್ಚು ಜನರನ್ನು ಕೂರಿಸುತ್ತದೆ. ಬಾಯಾರುವವರೆಗೆ ಕಾಯದೆ ಆಗಾಗ ಗುಟುಕು ಕುಡಿಯಿರಿ. ಚಕ್ಕುಲಿಯೋ, ಕಡಲೆಬೀಜವೋ, ಬೆಲ್ಲವೋ ಜೇಬಿನಲ್ಲಿರಲಿ.

ಕರ್ಪೂರದ ಮಾತು ಚುಟುಕಾಗಿ ಮುಗಿಸಬಹುದು. ಅದರ ವಾಸನೆ ಮೂಗು ತೆರೆದಂತೆ ಅನಿಸುವ ಹಾಗೆ ಮಾಡುತ್ತದೆ, ರಕ್ತದ ಆಮ್ಲಜನಕ ಒಂದಿಷ್ಟೂ ಏರುವುದಿಲ್ಲ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಡುವುದು 2,500 ಮೀಟರಿನ ಮೇಲೆ, ಅಷ್ಟು ಎತ್ತರದ ಬೆಟ್ಟ ನಮ್ಮ ರಾಜ್ಯದಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಕುಮಾರ ಪರ್ವತದಲ್ಲಿ ಯಾರಿಗಾದರೂ ಎದೆ ಬಿಗಿದು, ಉಸಿರು ಸಿಗದೆ, ತಣ್ಣನೆ ಬೆವರು ಬಂದರೆ ‘ಎತ್ತರಕ್ಕೆ ಹಾಗೆ’ ಎಂದು ಸಮಾಧಾನ ಹೇಳಬೇಡಿ. ಅದು ಹೃದಯದ ಸೂಚನೆಯಾಗಿರಬಹುದು. ಕೂರಿಸಿ, ಮುಂದೆ ಹತ್ತಿಸಬೇಡಿ, ಸಹಾಯಕ್ಕೆ ಕರೆ ಮಾಡಿ. ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆ ಎನ್ನುವ ಇನ್ನೊಂದು ಹಳೆಯ ಫಾರ್ವರ್ಡ್ ಅನ್ನು ಅಲ್ಲಿ ಪ್ರಯೋಗಿಸುವುದೂ ಬೇಡ.

ಇಪ್ಪತ್ತೈದು ಜನರ ಗುಂಪು ಎಷ್ಟು ಜನರ ಗುಂಪು?

ಈಗ ಆ ಕೊನೆಯ ಮಾತಿಗೆ ಬರೋಣ. ಒಬ್ಬರೇ ಹೋಗುವುದಕ್ಕಿಂತ ಗುಂಪಿನಲ್ಲಿ ಹೋಗುವುದು ಒಳ್ಳೆಯದು, ಅನುಮಾನವಿಲ್ಲ. ಕಾಲು ಉಳುಕಿದರೆ ಹೆಗಲು ಕೊಡಲು ಯಾರಾದರೂ ಇರುತ್ತಾರೆ. ಆದರೆ ಬೆಟ್ಟದ ದಾರಿಯಲ್ಲಿ ಇಪ್ಪತ್ತೈದು ಜನ ಒಟ್ಟಿಗೆ ಇರುವುದೇ ಇಲ್ಲ. ಮೊದಲ ಗಂಟೆಯಲ್ಲೇ ಸಾಲು ಹರಿದು ಮೂರು ನಾಲ್ಕು ತುಂಡಾಗುತ್ತದೆ. ಮುಂದಿನವರು ಬೇಗ ತಲುಪಿ, ಬೆವರಿನಲ್ಲಿ ಒದ್ದೆಯಾಗಿ, ಹಿಂದಿನವರಿಗಾಗಿ ಗಾಳಿಯಲ್ಲಿ ಮುಕ್ಕಾಲು ಗಂಟೆ ನಡುಗುತ್ತಾರೆ. ಕೊನೆಯವರು ಏದುಸಿರು ಬಿಡುತ್ತ ಬಂದು ಬ್ಯಾಗ್ ಇಳಿಸುವಷ್ಟರಲ್ಲಿ ‘ಸರಿ, ಎಲ್ಲರೂ ಬಂದ್ರಲ್ಲ, ಹೊರಡೋಣ’ ಎನ್ನುವ ಕೂಗು. ಹೆಚ್ಚು ವಿಶ್ರಾಂತಿ ಬೇಕಾದವರಿಗೆ ವಿಶ್ರಾಂತಿಯೇ ಇಲ್ಲ, ಬೇಡವಾದವರಿಗೆ ಬೇಕಾದ್ದಕ್ಕಿಂತ ಹೆಚ್ಚು. ಹಿಂದಿನ ರಾತ್ರಿ ಟೆಂಪೊ ಟ್ರಾವೆಲರ್‌ನಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡಿಲ್ಲ ಎನ್ನುವುದನ್ನೂ ಇದಕ್ಕೆ ಸೇರಿಸಿ.

ಮೇಲಾಗಿ ಕ್ಲಬ್ಬಿನ ಗುಂಪೆಂದರೆ ಸ್ನೇಹಿತರ ಗುಂಪಲ್ಲ, ಒಂದೇ ಪೋಸ್ಟರಿಗೆ ಹಣ ಕಟ್ಟಿದ ಅಪರಿಚಿತರು. ಮೈ ತಣ್ಣಗಾಗತೊಡಗಿದಾಗ ಮೊದಲು ಕೆಡುವುದು ನಡವಳಿಕೆ: ಕಾರಣವಿಲ್ಲದ ಸಿಡುಕು, ಮೌನ, ಪದೇಪದೇ ಎಡವುವುದು, ಜಿಪ್ ಎಳೆಯಲು ಬೆರಳು ಬಾರದಿರುವುದು, ಮಾತು ತೊದಲುವುದು. ‘ಇವರು ಹೀಗೆ ಇರುವವರಲ್ಲವಲ್ಲ’ ಎಂದು ಗುರುತಿಸಲು ಅವರ ಪರಿಚಯ ಇರಬೇಕು. ಅಪರಿಚಿತರ ನಡುವೆ ಅದು ‘ಅವರ ಸ್ವಭಾವವೇ ಹಾಗೆ’ ಎಂದು ಕಳೆದುಹೋಗುತ್ತದೆ. ಅಂಥವರನ್ನು ಕಂಡರೆ ಗಾಳಿಗೆ ಮರೆಯಾದ ಕಡೆ, ನೆಲಕ್ಕೆ ತಾಗದಂತೆ ಬ್ಯಾಗಿನ ಮೇಲೆ ಕೂರಿಸಿ. ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕಿ. ಎಚ್ಚರವಿದ್ದರೆ ಮಾತ್ರ ಬಿಸಿ ಸಿಹಿ ಪಾನೀಯ ಕೊಡಿ. ಕೈಕಾಲು ತಿಕ್ಕಬೇಡಿ.

ನಾಯಕರಿಗೆ ಎಲ್ಲ ಗೊತ್ತು, ದಾರಿ ಹಳೆಯದೇ, ಇಷ್ಟು ದೂರ ಬಂದು ವಾಪಸ್ ಹೋಗುವುದೇ? ಈ ಮೂರು ಯೋಚನೆಗಳು ಎಲ್ಲ ದೇಶದ ಗುಂಪುಗಳಲ್ಲೂ ಇವೆ. ಇಯಾನ್ ಮೆಕ್‌ಕ್ಯಾಮನ್ ಎಂಬ ಸಂಶೋಧಕ ಅಮೆರಿಕದಲ್ಲಿ 1972ರಿಂದ 2003ರವರೆಗೆ ನಡೆದ 715 ಹಿಮಕುಸಿತ ಅಪಘಾತಗಳನ್ನು ಕೆದಕಿ ನೋಡಿದ್ದರು. ಅಪಾಯದ ಗುರುತುಗಳು ಕಣ್ಣೆದುರೇ ಇದ್ದರೂ ಜನ ಮುಂದೆ ಹೋದದ್ದಕ್ಕೆ ಇಂಥ ಯೋಚನೆಗಳು ಕಾರಣ ಎಂದು ಅವರು ವಾದಿಸಿದರು. ನಮ್ಮಲ್ಲಿ ಹಿಮಕುಸಿತವಿಲ್ಲ, ಮನಸ್ಸು ಅದೇ.

ಗುಂಪು ದೊಡ್ಡದಾದಷ್ಟೂ ಕಳೆದುಕೊಳ್ಳುವುದು ಹೊತ್ತನ್ನು. ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸರಳ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಜತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆಯಿಂದ ಕುಮಾರ ಪರ್ವತಕ್ಕೆ ಒಂದು ಕಡೆಗೆ ಸುಮಾರು 12 ಕಿ.ಮೀ. ಎಂದಿಟ್ಟುಕೊಂಡರೆ ಹತ್ತಲು ಐದು ಗಂಟೆ. ಕಡಿದಾದ ಕಲ್ಲುದಾರಿ ಇಳಿಯಲು ನಾಲ್ಕು ಗಂಟೆಯಾದರೂ ಬೇಕು. ಇದು ಗಟ್ಟಿ ಕಾಲಿನವರು ಎಲ್ಲೂ ಕೂರದೆ ನಡೆದರೆ. ತಿಂಡಿ, ಊಟ, ಫೋಟೊ, ಕಾಯುವುದಕ್ಕೆ ಎರಡು ಗಂಟೆ ಸೇರಿಸಿ, ಹನ್ನೊಂದಾಯಿತು. ಡಿಸೆಂಬರ್ ಕೊನೆಯಲ್ಲಿ ನಮ್ಮ ಕಡೆ ಹಗಲೇ ಹನ್ನೊಂದು ಗಂಟೆ ಇಪ್ಪತ್ತು ನಿಮಿಷದ ಆಸುಪಾಸು, ಜೂನ್‌ಗಿಂತ ಒಂದೂವರೆ ಗಂಟೆ ಕಡಿಮೆ. ಬಸ್ಸು ತಡವಾಗಿ, ಎಂಟು ಗಂಟೆಗೆ ಹತ್ತಲು ಶುರು ಮಾಡಿದರೆ ಕೊನೆಯವರು ಕಾಡಿನ ಇಳಿಜಾರಿನಲ್ಲಿರುವಾಗಲೇ ಕತ್ತಲು. ಇಲ್ಲೊಂದು ಸ್ವಾರಸ್ಯ: ಅತಿ ಚಿಕ್ಕ ಹಗಲು ಡಿಸೆಂಬರ್ 21-22ರಂದು ಬಂದರೂ ಬೆಂಗಳೂರಿನಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ನವೆಂಬರ್ ಕೊನೆಯಲ್ಲಿ, 5.50ರ ಹೊತ್ತಿಗೆ. ‘ಇನ್ನೂ ಡಿಸೆಂಬರ್ ಬಂದಿಲ್ಲ’ ಎಂದು ನೆಮ್ಮದಿಯಿಂದ ಹೊರಡುವವರೇ ಮೊದಲು ಕತ್ತಲಿಗೆ ಸಿಗುತ್ತಾರೆ.

2024ರ ಗಣರಾಜ್ಯೋತ್ಸವದ ವಾರಾಂತ್ಯ ಕುಮಾರ ಪರ್ವತದ ಹಾದಿಯಲ್ಲಿ ಜನ ಜಾತ್ರೆಯಂತೆ ನಿಂತಿದ್ದ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಅದರ ಬೆನ್ನಿಗೇ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಪಥಗಳನ್ನು ತಾತ್ಕಾಲಿಕವಾಗಿ ಮುಚ್ಚಿ, ಮುಂದೆ ಬುಕಿಂಗ್ ಮತ್ತು ದಿನದ ಮಿತಿ ತಂದಿತು. ಹಲವರು ಗೊಣಗಿದರು. ನಮಗಂತೂ ಅದು ಸರಿಯೆನಿಸಿತು. ಸಾಲಿನಲ್ಲಿ ನಿಂತು ಹತ್ತುವ ಬೆಟ್ಟದಲ್ಲಿ ಯಾರ ಲೆಕ್ಕವೂ ಯಾರಿಗೂ ಸಿಗುವುದಿಲ್ಲ.

ಕ್ಲಬ್ಬಿಗೆ ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಎಲ್ಲರಿಗಿಂತ ಹಿಂದೆ ನಡೆಯುವ ಜವಾಬ್ದಾರಿ ಯಾರದು? ತುದಿ ಸಿಗಲಿ ಬಿಡಲಿ, ಎಷ್ಟು ಗಂಟೆಗೆ ವಾಪಸ್ ತಿರುಗುತ್ತೀರಿ? ನಡುವೆ ಒಬ್ಬರಿಗೆ ಆಗದಿದ್ದರೆ ಅವರ ಜತೆ ಯಾರು ಇಳಿಯುತ್ತಾರೆ? ಒಳ್ಳೆಯ ಕ್ಲಬ್ಬುಗಳಿಗೆ ಉತ್ತರ ನಾಲಗೆಯ ತುದಿಯಲ್ಲಿರುತ್ತದೆ. ‘ನೋಡ್ಕೊಳ್ಳೋಣ ಬನ್ನಿ’ ಎಂದರೆ ಬೇರೆ ಕ್ಲಬ್ ಹುಡುಕಿ. ನಿಮ್ಮ ಕಡೆಯಿಂದಲೂ ಆಸ್ತಮಾ, ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಫಾರಂನಲ್ಲಿ ಮುಚ್ಚಿಡಬೇಡಿ.

ಇನ್ನು ನಿಮ್ಮ ಕೈಯಲ್ಲಿರುವ ಫೋನು. ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ಕೆಲಸ ಮಾಡಲ್ಲ ಎಂಬುದು ತಪ್ಪು. ಜಿಪಿಎಸ್ ಸಂಕೇತ ಬರುವುದು ಉಪಗ್ರಹದಿಂದ, ಇಂಟರ್ನೆಟ್ ಬೇಕಾಗುವುದು ನಕ್ಷೆ ಇಳಿಸಿಕೊಳ್ಳಲು ಮಾತ್ರ. ಹೊರಡುವ ಮೊದಲೇ ಮನೆಯಲ್ಲಿ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ. ಕಾಡಿನೊಳಗೆ ಏರೋಪ್ಲೇನ್ ಮೋಡ್‌ನಲ್ಲಿಡಿ, ಇಲ್ಲದಿದ್ದರೆ ಸಿಗದ ಟವರ್ ಹುಡುಕುತ್ತಲೇ ಬ್ಯಾಟರಿ ಖಾಲಿಯಾಗುತ್ತದೆ. ತುರ್ತು ಸಂಖ್ಯೆ 112. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಹತ್ತಿರವಿದ್ದರೆ ಆ ಕರೆ ಹೋಗುತ್ತದೆ. ಬೆಳಕಿಗೆ ಬೇರೆ ಟಾರ್ಚ್ ಇರಲಿ, ಕರೆಗೆ ಫೋನ್ ಉಳಿಯಲಿ.