ಮಣ್ಣು ಇಲ್ಲೇ ಇದೆ, ಮೇಷ್ಟ್ರು ಎಲ್ಲಿ?

ಪದವಿ ಮಕ್ಕಳಿಗೆ ಡೇಟಾ ವಿಶ್ಲೇಷಣೆ ಕಲಿಸುತ್ತೇವೆ ಎಂಬ ಮಾತು ಕೇಳಿ ಕೇಳಿ ನಮಗೆ ಸಾಕಾಗಿದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆ ‘ಡಿಜಿಟಲ್ ಫ್ಲುಯೆನ್ಸಿ’ ಎಂಬ ಪತ್ರಿಕೆ ಬಂತು. 2024ರಲ್ಲಿ ಆ ನೀತಿಯ ನಾಲ್ಕು ವರ್ಷದ ಪದವಿ ಮತ್ತೆ ಮೂರಕ್ಕಿಳಿಯಿತು. ಮಕ್ಕಳು ಕಂಪ್ಯೂಟರ್ ಮುಂದೆ ಕೂರುವಷ್ಟರಲ್ಲಿ ಪಠ್ಯಕ್ರಮವೇ ಎದ್ದು ಹೋಗಿತ್ತು.

ವಿಶ್ಲೇಷಿಸಲು ಡೇಟಾ ಬೇಕೆ? ನಮ್ಮ ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಕುಂದೂರು ಕಡೆ ಬನ್ನಿ. ಶುಂಠಿ ಕಿತ್ತ ಜಮೀನಿಗೆ ಮರುವರ್ಷ ಯಾರೂ ಶುಂಠಿ ಹಾಕುವುದಿಲ್ಲ, ಕೊಳೆರೋಗದ ಭಯ. ಬೇರೆ ಜಮೀನು ಗುತ್ತಿಗೆಗೆ ಹುಡುಕುತ್ತಾರೆ. ಬಿಟ್ಟುಬಂದ ಮಣ್ಣಿನಲ್ಲಿ ಯಾವ ಸೂಕ್ಷ್ಮಜೀವಿ ಉಳಿದಿದೆ, ಎಷ್ಟು ವರ್ಷಕ್ಕೆ ಕಡಿಮೆಯಾಗುತ್ತದೆ? ಬಿ.ಎಸ್ಸಿ. ಮೈಕ್ರೋಬಯಾಲಜಿ ಓದುವ ಮಗನಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಸಿಗದು. ಅವನು ಮಾತ್ರ ಸೆಮಿಸ್ಟರ್ ಪೂರ್ತಿ ವ್ಯಾಖ್ಯೆ ಬಾಯಿಪಾಠ ಮಾಡುತ್ತಾನೆ.

ಖರ್ಚಿನ ನೆಪ ಅರ್ಧ ನಿಜ. ಮಣ್ಣಿನ ಡಿಎನ್‌ಎ ತೆಗೆದು ಬ್ಯಾಕ್ಟೀರಿಯಾಗಳ 16ಎಸ್ ಜೀನ್ ಓದಿಸಲು ದುಡ್ಡು ಬೇಕು, ಒಪ್ಪೋಣ. ಆದರೆ ಆಮೇಲಿನ ಲೆಕ್ಕಕ್ಕೆ ಬೇಕಾದ ‘ಚೈಮ್ 2’, ‘ಗ್ಯಾಲಕ್ಸಿ’ ತಂತ್ರಾಂಶಗಳು ಪುಕ್ಕಟೆ. ಗ್ಯಾಲಕ್ಸಿಗೆ ಬ್ರೌಸರ್ ಇದ್ದರೆ ಸಾಕು. ಅಭ್ಯಾಸಕ್ಕೆ ಡೇಟಾವೂ ಪುಕ್ಕಟೆ: ಚಿಲಿ ದೇಶದ ಅಟಕಾಮ ಮರುಭೂಮಿಯ ಮಣ್ಣಿನದು. ಜುಲೈ ತಿಂಗಳಿಡೀ ಛತ್ರಿ ಮಡಚದ ನಮ್ಮ ಮಕ್ಕಳು ಮಳೆಯೇ ಕಾಣದ ಊರಿನ ಮಣ್ಣಿನಿಂದಲೇ ಶುರು ಮಾಡಲಿ. ಅದಾದರೂ ಆಗಲಿ!

ಗುಂಡಿ ಒತ್ತಿದರೆ ಪರದೆಯ ಮೇಲೆ ಬ್ಯಾಕ್ಟೀರಿಯಾಗಳ ಬಣ್ಣಬಣ್ಣದ ಪಟ್ಟಿ ಬರುತ್ತದೆ. ತಾಪತ್ರಯ ಶುರುವಾಗುವುದೇ ಆಗ. ಶುಂಠಿಯನ್ನು ಸೊರಗಿಸುವ ರಾಲ್‌ಸ್ಟೋನಿಯಾ ಬ್ಯಾಕ್ಟೀರಿಯಾ ಆ ಪಟ್ಟಿಯಲ್ಲಿ ಸಿಗಬಹುದು. ಗಡ್ಡೆ ಕೊಳೆಸುವ ಪೈಥಿಯಂ ಬ್ಯಾಕ್ಟೀರಿಯಾವೇ ಅಲ್ಲ, 16ಎಸ್ ಓದಿಗೆ ಅದು ಸಿಕ್ಕುವುದಿಲ್ಲ. ಇದು ಗೊತ್ತಿಲ್ಲದ ಹುಡುಗ ‘ಪೈಥಿಯಂ ಇಲ್ಲ, ಜಮೀನು ಶುದ್ಧ’ ಎಂದು ವರದಿ ಬರೆಯುತ್ತಾನೆ. ಅಪ್ಪ ಅದನ್ನು ನಂಬಿ ಬಿತ್ತನೆ ಶುಂಠಿ ತಂದರೆ ಮುಗಿಯಿತು.

ಅಲ್ಲೇ ತಡೆದು ತಿದ್ದಬೇಕಾದವರು ಯಾರು? ಮೇಷ್ಟ್ರೇ ತಾನೇ? ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದಾರೆ. ಸೇವೆ ಕಾಯಂ ಮಾಡಿ ಎಂದು 2023ರ ಕೊನೆಯಲ್ಲಿ ಬೀದಿಗಿಳಿದಿದ್ದರು. ಮುಂದಿನ ವರ್ಷದ ಕೆಲಸ ಖಾತ್ರಿಯಿಲ್ಲದವರು ಹೊಸ ತಂತ್ರಾಂಶ ಕಲಿತು ಕಲಿಸಲಿ ಎಂದು ಬಯಸಲು ಭಾರಿ ಧೈರ್ಯ ಬೇಕು, ಸರ್ಕಾರಕ್ಕೆ ಅದಿದೆ.

ಖಾತ್ರಿಯಿಲ್ಲದ್ದು ಮೇಷ್ಟ್ರ ಕೆಲಸವೊಂದೇ ಅಲ್ಲ. ಹಾಸನಕ್ಕೇ ವಿಶ್ವವಿದ್ಯಾಲಯ ಬಂತು ಎಂದು 2023ರಲ್ಲಿ ಸಂಭ್ರಮಿಸಿದೆವು. ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯಿಂದಲೇ ಬಂತು, ಆ ಪಟ್ಟಿಯಲ್ಲಿ ಹಾಸನವೂ ಇತ್ತು.

ನಾವು ಕೇಳುತ್ತಿರುವುದು ಒಬ್ಬ ಕಾಯಂ ಮೇಷ್ಟ್ರು, ವಾರಕ್ಕೆರಡು ಗಂಟೆ ಕರೆಂಟು, ನೆಟ್ ಎರಡೂ ಇರುವ ಲ್ಯಾಬು, ಒಂದಿಷ್ಟು ಮಣ್ಣು. ಮಣ್ಣು ನಾವೇ ತಂದುಕೊಡುತ್ತೇವೆ.