ಸರಪಳಿಯ ಆಯುಷ್ಯ ಯಾರ ಲೆಕ್ಕದಲ್ಲಿ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ, ಗೇಟೇ ಕೊಚ್ಚಿಹೋಯಿತು. ಜಲಾಶಯ ತುಂಬಿ ನಿಂತಿದ್ದ ಹೊತ್ತು. ಆ ಒಂದು ಗೇಟಿನ ಕಡೆಗಿನ ಒತ್ತಡ ತಗ್ಗಿಸಲು ಉಳಿದವನ್ನೂ ಎತ್ತಿ, ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಭತ್ತಕ್ಕೆಂದು ಕೂಡಿಟ್ಟ ನೀರನ್ನು ಹೊಳೆಗೆ ಬಿಟ್ಟರು. ಬೇರೆ ಬೇರೆ ಕಾರ್ಖಾನೆಗಳಲ್ಲಿ ಹಗಲು ರಾತ್ರಿ ತಯಾರಾದ ಉಕ್ಕಿನ ತಡೆಹಲಗೆಗಳನ್ನು, ಅಂದರೆ ಸ್ಟಾಪ್‌ಲಾಗ್‌ಗಳನ್ನು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ಇಳಿಸಿ, ವಾರದೊಳಗೆ ಕಿಂಡಿ ಮುಚ್ಚಿದ್ದು ಸಾಹಸವೇ ಸರಿ. ಆದರೆ ಇಂಥ ಸಾಹಸದ ಅಗತ್ಯ ಬಿದ್ದದ್ದೇಕೆ?

ಎಪ್ಪತ್ತು ವರ್ಷ ಹಳೆಯ ಗೇಟು ಮುರಿಯುವುದು ದೈವಲೀಲೆಯಲ್ಲ. ಲೋಹ ದಣಿಯುತ್ತದೆ, ತುಕ್ಕು ಅದರ ದಪ್ಪವನ್ನು ತಿನ್ನುತ್ತದೆ. ಅಲ್ಟ್ರಾಸಾನಿಕ್ ಉಪಕರಣ ಹಿಡಿದರೆ ಉಳಿದ ದಪ್ಪ ಎಷ್ಟೆಂದು ಗೊತ್ತಾಗುತ್ತದೆ. ಗೇಟು ಎತ್ತುವಾಗ ಮೋಟಾರು ಎಳೆಯುವ ಕರೆಂಟನ್ನು ಪ್ರತಿ ಸಲ ಬರೆದಿಟ್ಟರೆ ಸಾಕು, ವರ್ಷದಿಂದ ವರ್ಷಕ್ಕೆ ಅದು ಏರುತ್ತಿದ್ದರೆ ಎಲ್ಲೋ ತಿಕ್ಕಾಟ ಹೆಚ್ಚಿದೆ ಎಂದರ್ಥ. ಇದಕ್ಕೆ ಕೃತಕ ಬುದ್ಧಿಮತ್ತೆಯೇ ಬೇಕೆಂದಿಲ್ಲ. (ಟೆಂಡರಿನಲ್ಲಿ ಆ ಪದ ಸೇರಿದರೆ ಮೊತ್ತ ದೊಡ್ಡದಾಗುತ್ತದೆ, ಆ ಮಾತು ಬೇರೆ.) ಬೇಕಾದದ್ದು ಹೋದ ವರ್ಷದ ಅಂಕಿಯ ಪಕ್ಕದಲ್ಲಿ ಈ ವರ್ಷದ ಅಂಕಿ, ಮತ್ತು ಅದನ್ನು ನೋಡಿ 'ಇದನ್ನು ಈಗಲೇ ಬದಲಿಸಿ' ಎನ್ನುವ ಅಧಿಕಾರವುಳ್ಳ ಒಬ್ಬ ಎಂಜಿನಿಯರು. ಕಾಗದದ ಮೇಲೆ 'ಸುಸ್ಥಿತಿಯಲ್ಲಿದೆ' ಎಂಬ ಷರಾ ಯಾರಿಗೂ ಏನನ್ನೂ ಮುಂಚಿತವಾಗಿ ಹೇಳದು.

ಅಳತೆಗೂ ಒಂದು ಮಿತಿಯುಂಟು, ಒಪ್ಪೋಣ. ಅಮೆರಿಕದ ಓಹಾಯೊ ನದಿಯ ಮೇಲೆ 1928ರಲ್ಲಿ ಕಟ್ಟಿದ ಸಿಲ್ವರ್ ಬ್ರಿಜ್ 1967ರ ಡಿಸೆಂಬರ್ 15ರ ಸಂಜೆ ಕುಸಿದು 46 ಜನ ಸತ್ತರು. ಅಲ್ಲಿಯೂ ಕಾರಣ ಸರಪಳಿಯ ಒಂದು ಕೊಂಡಿ. ಅದರಲ್ಲಿದ್ದ ಬಿರುಕಿನ ಆಳ ಸುಮಾರು ಎರಡೂವರೆ ಮಿಲಿಮೀಟರ್. ಕೀಲಿನೊಳಗೆ ಅಡಗಿದ್ದ ಅದು, ಕೀಲು ಬಿಚ್ಚದೆ ಯಾವ ಕಣ್ಣಿಗೂ ಕಾಣುವಂತಿರಲಿಲ್ಲ. ಆ ಬಿರುಕು ಕಾಣಲಿಲ್ಲವೆಂದು ಯಾರನ್ನೂ ದೂರಲಾಗದು. ಆದರೆ ಒಂದು ಕೊಂಡಿ ಹೋದರೆ ಸೇತುವೆಯೇ ಹೋಗುತ್ತದೆ ಎಂಬುದು ನಕ್ಷೆಯಲ್ಲೇ ಕಾಣುತ್ತಿತ್ತು. ನೋಡಲಾಗದ ಜಾಗ ಯಾವುದು, ಅದು ಕೈಕೊಟ್ಟರೆ ಬದಲಿ ಏನು ಎಂಬ ಪಟ್ಟಿ ಮೊದಲೇ ಇರಬೇಕು. ತುಂಗಭದ್ರೆಯಲ್ಲಿ ಆ ಬದಲಿಯನ್ನು ಗೇಟು ಹೋದ ಮೇಲೆ ತಯಾರಿಸಿದೆವು.

ಮುಂದೆ ತಜ್ಞರ ಸಮಿತಿ 33 ಗೇಟುಗಳನ್ನೂ ಬದಲಿಸಿ ಎಂದಿತು. 2025ರ ಮಳೆಗಾಲದಲ್ಲಿ, 105 ಟಿಎಂಸಿ ಹಿಡಿಯಬಲ್ಲ ಜಲಾಶಯದಲ್ಲಿ 80 ಟಿಎಂಸಿಯಷ್ಟೇ ನಿಲ್ಲಿಸುವ ತೀರ್ಮಾನವಾಯಿತು. ಗೇಟಿನ ನಿರ್ವಹಣೆಯಲ್ಲಿ ಉಳಿಸಿದ ಹಣದ ಬಡ್ಡಿಯನ್ನು ಹೀಗೆ ಕಟ್ಟಿದವನು ಕಾಲುವೆಯ ಕೊನೆಯ ರೈತ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮಳೆಗಾಲಕ್ಕೆ ಮೊದಲೂ ಆಮೇಲೂ ತಪಾಸಣೆ ಕಡ್ಡಾಯ ಮಾಡಿದೆ. ಆದರೆ ನೀರಾವರಿ ಸಲಹಾ ಸಮಿತಿಯ ಸಭೆ ಎಂದರೆ 'ನೀರು ಯಾವತ್ತು ಬಿಡುತ್ತೀರಿ' ಎಂಬ ಒಂದೇ ಪ್ರಶ್ನೆಗೆ ಗದ್ದಲ. ಈ ಸಲ ಅಚ್ಚುಕಟ್ಟಿನ ರೈತರು ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ತಪಾಸಣಾ ವರದಿ ಎಲ್ಲಿ, ಅದರಲ್ಲಿ ಪ್ರತಿ ಗೇಟಿನ ಅಳತೆ ಇದೆಯೇ? ವರದಿಯನ್ನು ಕನ್ನಡದಲ್ಲಿ ಕೊಡಿ ಎಂದೂ ಒತ್ತಾಯಿಸಲಿ.