ಕುತ್ತಿಗೆ ತಿಕ್ಕಿದ್ರೆ ಹೋಗೋ ಕಪ್ಪಲ್ಲ ಅದು

1/6
ಫೋಟೋದಲ್ಲಿರೋ ಹಳದಿ ಟೇಪ್ ನಮ್ಮಮ್ಮಂದು. ಹರಿಹರದ ನಮ್ಮ ಬೀದೀಲಿ ಅರ್ಧ ಹೆಂಗಸರ ಬ್ಲೌಸ್ ಅಳತೆ ಈ ಟೇಪಿಗೆ ಗೊತ್ತು. ಇವತ್ತಿನ ವಿಷಯ ಬೊಜ್ಜು. ಸ್ಕ್ರೋಲ್ ಮಾಡಿ ಮುಂದೆ ಹೋಗೋಣ ಅನ್ಸುತ್ತೆ, ಗೊತ್ತು. ಒಂದ್ನಿಮಿಷ ಇರಿ. "ಹತ್ತು ದಿನದಲ್ಲಿ ಹತ್ತು ಕೆಜಿ" ಅನ್ನೋ ಪೋಸ್ಟ್ ಅಲ್ಲ ಇದು.

ಮೊದಲು ನನ್ನ ಕಥೆ. ಹೋದ ವರ್ಷ ನನ್ನ ತೂಕ 78 ಕೆಜಿ, ಎತ್ತರ 158 ಸೆಂ.ಮೀ. ಕ್ಲಾಸಲ್ಲಿ ನನಗೆ ಯಾವ ಹೆಸರಿತ್ತು ಅಂತ ಓದ್ತಿರೋರಲ್ಲಿ ತುಂಬಾ ಜನಕ್ಕೆ ಗೊತ್ತು. ಹೆಸರಿಟ್ಟವರೂ ಓದ್ತಿದ್ದೀರ, ಹಾಯ್.

ಆ ಹೊತ್ತಿಗೇ ನನ್ನ ಕುತ್ತಿಗೆ ಹಿಂದೆ ಒಂದು ಕಪ್ಪು ಪಟ್ಟಿ ಬಂದಿತ್ತು. ಮುಟ್ಟಿದ್ರೆ ವೆಲ್ವೆಟ್ ಥರ ದಪ್ಪ. ಚಿಕ್ಕಮ್ಮ ಅಂದ್ರು, "ಸರಿಯಾಗಿ ತಿಕ್ಕಿ ಸ್ನಾನ ಮಾಡಲ್ಲ ನೀನು." ಕಡಲೆಹಿಟ್ಟು, ನಿಂಬೆಹಣ್ಣು, ಕಾಫಿಪುಡಿ, ಎಲ್ಲಾ ಹಚ್ಚಿ ತಿಕ್ಕಿದೆ. ಚರ್ಮ ಉರಿ ಬಂತು, ಕಪ್ಪು ಹೋಗ್ಲಿಲ್ಲ. ದುಪಟ್ಟಾನ ಕುತ್ತಿಗೆಗೆ ಸುತ್ಕೊಂಡು ಕಾಲೇಜಿಗೆ ಬರೋಕೆ ಶುರು ಮಾಡಿದೆ. ನೀವು ಸ್ಟೈಲ್ ಅಂದ್ಕೊಂಡ್ರಿ. ತಿಂಗಳ ಮುಟ್ಟೂ ಎರಡೆರಡು ತಿಂಗಳು ತಪ್ತಿತ್ತು.

ಡಾಕ್ಟರ್ ಹತ್ರ ಹೋಗಲಿಲ್ಲ. ಯಾಕಂದ್ರೆ ಅದಕ್ಕೂ ಹಿಂದೆ ಒಂದ್ಸಲ ಜ್ವರ ಅಂತ ಒಂದು ಕ್ಲಿನಿಕ್‌ಗೆ ಹೋದಾಗ ಅಲ್ಲಿ ಎಲ್ಲರ ಎದುರೇ "ಮೊದ್ಲು ತೂಕ ಇಳಿಸ್ಕೊಂಡು ಬಾಮ್ಮ" ಅಂದಿದ್ರು. ಸಾಲಲ್ಲಿ ಕೂತೋರು ನಕ್ಕರು. ಆಮೇಲೆ ಹದಿನಾಲ್ಕು ತಿಂಗಳು ನಾನು ಯಾವ ಆಸ್ಪತ್ರೆ ಮೆಟ್ಟಿಲೂ ಹತ್ತಲಿಲ್ಲ.

2/6
ಕೊನೆಗೆ ಅಮ್ಮನೇ ಬಲವಂತ ಮಾಡಿ ದಾವಣಗೆರೆಯಲ್ಲಿ ಒಬ್ಬ ಲೇಡಿ ಡಾಕ್ಟರ್ ಹತ್ರ ಕರ್ಕೊಂಡು ಹೋದ್ರು. ಅವರು ತೂಕದ ಮಾತೇ ಎತ್ತಲಿಲ್ಲ. ದುಪಟ್ಟಾ ಸರಿಸಿ ಕುತ್ತಿಗೆ ನೋಡಿದ್ರು. "ಇದು ಕೊಳೆ ಅಲ್ಲ ಪುಟ್ಟಾ, ರಕ್ತ ಪರೀಕ್ಷೆ ಮಾಡಿಸೋಣ" ಅಂದ್ರು.

ಅದಕ್ಕೆ ಅಕಾಂಥೋಸಿಸ್ ನೈಗ್ರಿಕಾನ್ಸ್ ಅಂತ ಹೆಸರು. ನಾವು ತಿಂದಾಗ ರಕ್ತಕ್ಕೆ ಬರೋ ಸಕ್ಕರೆಯನ್ನ ಜೀವಕೋಶದ ಒಳಗೆ ಕಳಿಸೋ ಕೆಲಸ ಇನ್ಸುಲಿನ್‌ದು. ಹೊಟ್ಟೆ ಸುತ್ತ, ಲಿವರ್ ಒಳಗೆ ಕೊಬ್ಬು ಜಾಸ್ತಿ ಆದ ಹಾಗೆ ಜೀವಕೋಶಗಳು ಇನ್ಸುಲಿನ್ ಮಾತು ಕೇಳೋದು ಕಡಿಮೆ ಮಾಡ್ತವೆ. ಆಗ ಮೇದೋಜ್ಜೀರಕ ಗ್ರಂಥಿ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಯುತ್ತೆ. ಆ ಜಾಸ್ತಿ ಇನ್ಸುಲಿನ್ನೇ ಕುತ್ತಿಗೆ, ಕಂಕುಳಲ್ಲಿ ಚರ್ಮವನ್ನ ದಪ್ಪ, ಕಪ್ಪು ಮಾಡುತ್ತೆ. ಅಂಡಾಶಯದ ಮೇಲೂ ಅದರ ಪರಿಣಾಮ ಇರುತ್ತೆ, ಪಿಸಿಒಎಸ್ ಇರೋ ತುಂಬಾ ಹುಡುಗಿಯರ ಕಥೆ ಇದೇ.

ನನ್ನ ಎಚ್‌ಬಿಎ1ಸಿ 6.0 ಬಂತು. 5.7ರಿಂದ 6.4 ಅಂದ್ರೆ ಪ್ರಿಡಯಾಬಿಟಿಸ್, 6.5 ದಾಟಿದ್ರೆ ಡಯಾಬಿಟಿಸ್. ವಯಸ್ಸು ಹತ್ತೊಂಬತ್ತು. ನಾನು ಹದಿನಾಲ್ಕು ತಿಂಗಳು ತಿಕ್ಕಿ ತಿಕ್ಕಿ ತೊಳೆದದ್ದು ಸಕ್ಕರೆ ಕಾಯಿಲೆಯ ಮೊದಲ ನೋಟೀಸನ್ನ.

ನನ್ನ ವಾದ ಇಷ್ಟೇ. ದಪ್ಪ ಇರೋರನ್ನ ನಾಚಿಕೆ ಪಡಿಸಿದ್ರೆ ಅವರು ತೆಳ್ಳಗಾಗಲ್ಲ, ಬಚ್ಚಿಟ್ಕೊಳ್ತಾರೆ. ಕಾಯಿಲೆಯೂ ಅವರ ಜೊತೆಗೇ ಬಚ್ಚಿಟ್ಕೊಳ್ಳುತ್ತೆ.

3/6
"ಕಡಿಮೆ ತಿನ್ನು, ಜಾಸ್ತಿ ಓಡಾಡು. ಸಿಂಪಲ್!" ಅಂತಾರೆ. ಬಿಕಾಂನವರೇ, ಇದನ್ನ ನಮ್ಮ ಭಾಷೇಲಿ ನೋಡೋಣ. ಒಂದು ಅಂಗಡಿ ಲಾಸ್‌ನಲ್ಲಿದೆ. ಆಡಿಟರ್ ಬಂದು "ಆದಾಯಕ್ಕಿಂತ ಖರ್ಚು ಜಾಸ್ತಿ ಆಗಿದೆ, ಅದಕ್ಕೇ ಲಾಸ್" ಅಂತ ಬರೆದು ಫೀಸ್ ತಗೊಂಡು ಹೋದ್ರೆ ಹೇಗಿರುತ್ತೆ? ಸುಳ್ಳಲ್ಲ, ಆದ್ರೆ ಉಪಯೋಗವೂ ಇಲ್ಲ. ಖರ್ಚು ಯಾಕೆ ಜಾಸ್ತಿ ಆಯ್ತು ಅನ್ನೋದು ತಾನೆ ಪ್ರಶ್ನೆ?

ನನ್ನ ವೋಚರ್‌ಗಳನ್ನ ತೆಗೀತೀನಿ. ಬೆಳಗ್ಗೆ ಆರೂಮುಕ್ಕಾಲಿಗೆ ಬಸ್ಸು, ತಿಂಡಿ ಇಲ್ಲ. ಹನ್ನೊಂದಕ್ಕೆ ಕ್ಯಾಂಟೀನ್: ಪಫ್, ಬನ್, ಕೋಲಾ. ಬೇರೆ ಏನೂ ಇಲ್ಲ ಅಲ್ಲಿ, ನಿಮಗೇ ಗೊತ್ತು. 250 ಎಂ.ಎಲ್. ಕೋಲಾದಲ್ಲೇ ಸುಮಾರು 26 ಗ್ರಾಂ ಸಕ್ಕರೆ. ಸಂಜೆ ಟ್ಯಾಲಿ ಕ್ಲಾಸ್ ಮುಗಿಸಿ ಹಸಿವಲ್ಲಿ ಮಂಡಕ್ಕಿ ಮಿರ್ಚಿ. ರಾತ್ರಿ ಒಂದರವರೆಗೆ ರೀಲ್ಸ್. ನಿದ್ದೆ ಕಡಿಮೆ ಆದ್ರೆ ಮಾರನೇ ದಿನ ಹಸಿವು ಹೆಚ್ಚುತ್ತೆ, ಅದೂ ಸಿಹಿ, ಕರಿದದ್ದರ ಮೇಲೇ ಮನಸ್ಸು ಹೋಗುತ್ತೆ. ಇದರ ಮೇಲೆ ನಮ್ಮಪ್ಪನ ಕಡೆ ಎಲ್ಲರಿಗೂ ಶುಗರ್. ತೂಕದಲ್ಲಿ ವಂಶದ ಪಾಲು ದೊಡ್ಡದು, ಅದನ್ನ ಯಾವ ಜಿಮ್ ಪೋಸ್ಟರೂ ಹೇಳಲ್ಲ. ಕೆಲವರಿಗೆ ಸ್ಟೆರಾಯ್ಡ್ ಮಾತ್ರೆಯಿಂದ, ಕೆಲವು ಮಾನಸಿಕ ಕಾಯಿಲೆಯ ಔಷಧಿಯಿಂದ ತೂಕ ಬರುತ್ತೆ. ಅವರನ್ನೂ ನಾವು ತಿಂಡಿಪೋತ ಅಂತೀವಿ.

ಅಮೆರಿಕದಲ್ಲಿ ಕೆವಿನ್ ಹಾಲ್ ಅನ್ನೋ ವಿಜ್ಞಾನಿ 2019ರಲ್ಲಿ ಒಂದು ಪ್ರಯೋಗದ ಫಲಿತಾಂಶ ಕೊಟ್ರು. ಇಪ್ಪತ್ತು ಜನರನ್ನ ಒಂದೇ ಕಡೆ ಇಟ್ಕೊಂಡು ಎರಡು ವಾರ ಪ್ಯಾಕೆಟ್-ಫ್ಯಾಕ್ಟರಿ ಊಟ, ಎರಡು ವಾರ ಸಾದಾ ಅಡುಗೆ ಕೊಟ್ರು. ಮುಂದಿಟ್ಟ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು ಎರಡು ಕಡೆಯೂ ಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಅಂದ್ರು. ಪ್ಯಾಕೆಟ್ ಊಟದ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದ್ರು. ಅದೇ ಮನುಷ್ಯರು, ಅದೇ ಮನಸ್ಸಿನ ಗಟ್ಟಿತನ. ಬದಲಾದದ್ದು ತಟ್ಟೆ.

4/6
"ಇಳಿಸಿದ್ರೂ ಮತ್ತೆ ಬಂತಲ್ಲ, ಶಿಸ್ತಿಲ್ಲ ಅಷ್ಟೇ" ಅನ್ನೋರಿಗೆ ಇದು. 1994ರಲ್ಲಿ ಲೆಪ್ಟಿನ್ ಅನ್ನೋ ಹಾರ್ಮೋನ್ ಗೊತ್ತಾಯ್ತು. ಮೈಯ ಕೊಬ್ಬೇ ಅದನ್ನ ತಯಾರಿಸಿ ಮೆದುಳಿಗೆ "ಸ್ಟಾಕ್ ಇದೆ" ಅಂತ ಹೇಳುತ್ತೆ. ಕೊಬ್ಬು ಕರಗಿದ್ರೆ ಲೆಪ್ಟಿನ್ ಇಳಿಯುತ್ತೆ, ಮೆದುಳು "ಬರಗಾಲ ಬಂತು" ಅಂದ್ಕೊಂಡು ಹಸಿವು ಏರಿಸುತ್ತೆ, ಖರ್ಚು ಇಳಿಸುತ್ತೆ. 'ದಿ ಬಿಗ್ಗೆಸ್ಟ್ ಲೂಸರ್' ಅಂತ ಅಮೆರಿಕದ ತೂಕ ಇಳಿಸೋ ರಿಯಾಲಿಟಿ ಶೋ ಇತ್ತಲ್ಲ, ಅದರ 14 ಸ್ಪರ್ಧಿಗಳನ್ನ ಆರು ವರ್ಷ ಆದ್ಮೇಲೆ ಪರೀಕ್ಷೆ ಮಾಡಿದ್ರು. ಹೆಚ್ಚಿನವರಿಗೆ ಇಳಿದ ತೂಕದ ಬಹುಪಾಲು ವಾಪಸ್ ಬಂದಿತ್ತು. ಅವರ ಗಾತ್ರಕ್ಕೆ ಎಷ್ಟು ಕ್ಯಾಲೊರಿ ಕರಗಬೇಕೋ ಅದಕ್ಕಿಂತ ದಿನಕ್ಕೆ ಸುಮಾರು 500 ಕಡಿಮೆಯೇ ಕರಗ್ತಿತ್ತು. ಆರು ವರ್ಷ ಆದ್ರೂ!

ಹಾಗಾಗಿ ನಮ್ಮ ಕ್ಲಾಸ್ ಗ್ರೂಪಲ್ಲಿ ಓಡಾಡ್ತಿರೋ ಆ ಶೇಕ್ ಪೌಡರ್ ಡಬ್ಬಿ ಬಗ್ಗೆ ಒಂದು ಮಾತು. ಊಟ ಬಿಟ್ಟು ಅದನ್ನ ಕುಡಿದ್ರೆ ಮೊದಲ ತಿಂಗಳು ತೂಕ ಇಳಿಯುತ್ತೆ, ಇಳಿಯಲೇಬೇಕು, ಊಟ ಬಿಟ್ಟಿದ್ದೀರಲ್ಲ. ನೀವು ಇಬ್ಬರನ್ನ ಸೇರಿಸಿದ್ರೆ ನಿಮಗೆ ಕಮಿಷನ್ ಅಂತೆ. ಮಾರ್ಕೆಟಿಂಗ್ ಪೇಪರಲ್ಲಿ ಇದನ್ನ ಓದಿ ಪಾಸಾದವರೇ ಬಲೆಗೆ ಬಿದ್ದಿದ್ದೀರಲ್ರಪ್ಪ.

5/6
ತೆಳ್ಳಗಿರೋರು "ಇದು ನನಗಲ್ಲ" ಅಂತ ನಗ್ತಿದ್ರೆ, ಈ ಕ್ಯಾಪ್ಷನ್ ನಿಮಗೇ.

2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ಡಾಕ್ಟರ್‌ಗಳ ಫೋಟೋ ಬಂತು. ಒಬ್ಬರು ಪುಣೆಯ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಆದ್ರೆ ಯುಡ್ಕಿನ್ ಮೈಯಲ್ಲಿ ಕೊಬ್ಬು 9.1%, ನಮ್ಮ ಯಾಜ್ಞಿಕ್ ಮೈಯಲ್ಲಿ 21.2%. ನೋಡೋಕೆ ಸಣ್ಣ, ಒಳಗೆ ಬೊಜ್ಜು. ಅದಕ್ಕೇ ಭಾರತೀಯರಿಗೆ ಗೆರೆ ಬೇರೆ. ಬೇರೆ ಕಡೆ ಬಿಎಂಐ 25ಕ್ಕೆ ಹೆಚ್ಚು ತೂಕ, 30ಕ್ಕೆ ಬೊಜ್ಜು ಅಂತಾರೆ. ನಮ್ಮ ಡಾಕ್ಟರ್‌ಗಳು 23ಕ್ಕೇ ಎಚ್ಚರಿಸ್ತಾರೆ, 25ಕ್ಕೇ ಬೊಜ್ಜು ಅಂತಾರೆ. (ತೂಕ ಕೆಜಿಯಲ್ಲಿ, ಅದನ್ನ ಮೀಟರಲ್ಲಿರೋ ಎತ್ತರದಿಂದ ಎರಡು ಸಲ ಭಾಗಿಸಿ. ನಂದು ಆಗ 31.2.)

ಬಿಎಂಐ ಸೂತ್ರ ಕೊಟ್ಟವನು ಡಾಕ್ಟರೂ ಅಲ್ಲ, 1830ರ ದಶಕದ ಬೆಲ್ಜಿಯಂ ಗಣಿತಜ್ಞ ಕ್ವೆಟೆಲೆ. ಜನಸಂಖ್ಯೆಯ ಸರಾಸರಿ ಲೆಕ್ಕಕ್ಕೆ ಮಾಡಿದ್ದು ಅದು. ಒಬ್ಬೊಬ್ಬರ ಹೊಟ್ಟೆ ಒಳಗೆ ಏನಿದೆ ಅಂತ ಅದಕ್ಕೇನು ಗೊತ್ತು? ಅದಕ್ಕೆ ಟೇಪ್ ಬೇಕು. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳ್ಕೊಳ್ಳದೆ ಅಳೀರಿ. ಹುಡುಗೀರಿಗೆ 80 ಸೆಂ.ಮೀ., ಹುಡುಗರಿಗೆ 90 ಸೆಂ.ಮೀ. ದಾಟಬಾರದು.

ನಮ್ಮಣ್ಣ "ಕಡ್ಡಿ" ಅಂತಲೇ ಫೇಮಸ್. 170 ಸೆಂ.ಮೀ., 66 ಕೆಜಿ. ಜವಳಿ ಅಂಗಡೀಲಿ ದಿನವಿಡೀ ಕೂತು ಲೆಕ್ಕ ಬರೀತಾನೆ. ನನ್ನ ಆಡ್ಕೊಂಡು ನಗ್ತಿದ್ದ. ಅಮ್ಮ ಇದೇ ಟೇಪ್ ಹಿಡಿದು ಅವನ ಹೊಟ್ಟೆ ಅಳೆದ್ರು: 36 ಇಂಚು, ಅಂದ್ರೆ 91 ಸೆಂ.ಮೀ. ಖಾಲಿ ಹೊಟ್ಟೆಯ ಶುಗರ್ 118. ನೂರು ದಾಟಿದ್ರೇ ಎಚ್ಚರ ಅಂದ್ರು ಡಾಕ್ಟರ್. ಅವತ್ತಿಂದ ಮನೇಲಿ ನನಗೆ ಜೋಕ್ ಇಲ್ಲ.

ಬಿಪಿ, ಹೃದಯ, ಫ್ಯಾಟಿ ಲಿವರ್, ಮಂಡಿ ನೋವು, ಕೆಲವು ಕ್ಯಾನ್ಸರ್, ಇವೆಲ್ಲ ಬೊಜ್ಜಿನ ಹಿಂದೆ ಸಾಲಾಗಿ ಬರೋದು. ನಿಮ್ಮಪ್ಪನ ಗೊರಕೆ ಬಗ್ಗೆ ರೀಲ್ ಮಾಡ್ತೀರಲ್ಲ, ಗೊರಕೆ ನಡುವೆ ಉಸಿರು ನಿಂತು ನಿಂತು ಬರ್ತಿದ್ರೆ ಅದನ್ನ ಡಾಕ್ಟರ್‌ಗೆ ತೋರಿಸಿ. ಸ್ಲೀಪ್ ಅಪ್ನಿಯಾ ಇರಬಹುದು. "ಬಾಡಿ ಪಾಸಿಟಿವಿಟಿ" ಗೆಳತಿಯರೇ, ಅದಕ್ಕೇ ನಿಮ್ಮ ಜೊತೆಗೂ ನನ್ನದೊಂದು ಸಣ್ಣ ಜಗಳ. ನನ್ನ ಮೈ ಚೆಂದ ಅಂತ ನೀವು ಹೇಳಿದ್ದು ಖುಷಿ ಕೊಡ್ತು. ಜೊತೆಗೆ "ಒಂದ್ಸಲ ಶುಗರ್ ಚೆಕ್ ಮಾಡಿಸು" ಅಂತಲೂ ಹೇಳಬಹುದಿತ್ತು.

6/6
ಈಗ ಏನು ಮಾಡ್ತಿದ್ದೀನಿ? ಡಾಕ್ಟರ್ ನನಗೆ 50 ಕೆಜಿ ಆಗು ಅನ್ನಲಿಲ್ಲ. ಏಳು ಪರ್ಸೆಂಟ್ ಅಂದ್ರು. 78ರ ಏಳು ಪರ್ಸೆಂಟ್ ಐದೂವರೆ ಕೆಜಿ. 2002ರಲ್ಲಿ ಬಂದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಇದೇ ಗುರಿ ಇತ್ತು: 7% ತೂಕ, ವಾರಕ್ಕೆ 150 ನಿಮಿಷ ನಡಿಗೆ ಥರದ ವ್ಯಾಯಾಮ. ಪ್ರಿಡಯಾಬಿಟಿಸ್ ಇದ್ದವರಲ್ಲಿ ಡಯಾಬಿಟಿಸ್ ಬರೋದು 58% ಕಡಿಮೆ ಆಯ್ತು. ಮಾತ್ರೆಗಿಂತ ಜಾಸ್ತಿ.

ಮುದ್ದೆ ಬಿಟ್ಟಿಲ್ಲ, ಬೆಣ್ಣೆದೋಸೆಯನ್ನ ತಿಂಗಳಿಗೊಮ್ಮೆ ಮಾಡಿದ್ದೀನಿ (ದಾವಣಗೆರೆಯಲ್ಲಿ ಓದ್ತಾ ಪೂರ್ತಿ ಬಿಡೋಕೆ ಆಗುತ್ತಾ!). ಡಬ್ಬಿಗೆ ಹೆಸರುಕಾಳು ಪಲ್ಯ ಇಲ್ಲಾ ಎರಡು ಮೊಟ್ಟೆ. ಅನ್ನ ಅರ್ಧ, ಸೊಪ್ಪಿನ ಸಾರು ಡಬಲ್. ಕೋಲಾ ಬಂದ್. ಬಸ್‌ಸ್ಟ್ಯಾಂಡಿಂದ ಕಾಲೇಜಿಗೆ ಆಟೋ ಬದಲು ನಡಿಗೆ, ಇಪ್ಪತ್ತೈದು ನಿಮಿಷ. ಕಷ್ಟ ಆಗಿದ್ದು ನಿದ್ದೆ, ಇವತ್ತೂ ಹನ್ನೆರಡು ದಾಟುತ್ತೆ. ಪರೀಕ್ಷೆ ತಿಂಗಳಲ್ಲಿ ಎರಡು ಕೆಜಿ ವಾಪಸ್ ಬಂತು, ಅತ್ತೆ, ಮತ್ತೆ ಶುರು ಮಾಡಿದೆ. ಎಂಟು ತಿಂಗಳಾದ್ಮೇಲೆ 73.5 ಕೆಜಿ. ಏಳು ಪರ್ಸೆಂಟ್ ಇನ್ನೂ ಮುಟ್ಟಿಲ್ಲ. ಎಚ್‌ಬಿಎ1ಸಿ 5.6. ಕುತ್ತಿಗೆ ಕಪ್ಪು ಸ್ವಲ್ಪ ತಿಳಿಯಾಗಿದೆ. ನಾನಿನ್ನೂ ದಪ್ಪಗೇ ಇದ್ದೀನಿ, ಫೋಟೋ ನೋಡಿದ್ರೆ ಯಾರೂ ವಾವ್ ಅನ್ನಲ್ಲ.

2025ರಿಂದ ನಮ್ಮ ದೇಶದಲ್ಲೂ ಮೌಂಜಾರೊ, ವೆಗೋವಿ ಇಂಜೆಕ್ಷನ್ ಸಿಗ್ತಿವೆ. ಹಸಿವು ಕಡಿಮೆ ಮಾಡ್ತವೆ, ನಿಲ್ಲಿಸಿದ್ರೆ ತೂಕ ಮರಳೋದೇ ಹೆಚ್ಚು. ಡಾಕ್ಟರ್ ಚೀಟಿ ಇಲ್ಲದೆ ಮುಟ್ಟೋ ವಸ್ತು ಅಲ್ಲ. ಆದ್ರೆ ಬೇಕಾದವರು ಡಾಕ್ಟರ್ ಹೇಳಿ ತಗೊಂಡ್ರೆ "ಶಾರ್ಟ್‌ಕಟ್" ಅಂತ ಕಮೆಂಟ್ ಹಾಕ್ಬೇಡಿ. ನಿಮ್ಮಜ್ಜಿ ಬಿಪಿ ಮಾತ್ರೆಗೆ ಹಾಗಂತೀರಾ?

ಸರ್ಕಾರದ ಕಡೆಯಿಂದ ಬಿಪಿ, ಶುಗರ್ ಸ್ಕ್ರೀನಿಂಗ್‌ಗೆ ಕರೆಯೋದು 30 ದಾಟಿದವರನ್ನ. ಇಪ್ಪತ್ತರ ನಮ್ಮನ್ನ ಯಾರೂ ಹುಡುಕಿಕೊಂಡು ಬರಲ್ಲ. ಕುತ್ತಿಗೆ ಕಪ್ಪಾಗಿದ್ರೆ, ಮುಟ್ಟು ತಪ್ತಿದ್ರೆ, ಮನೇಲಿ ಶುಗರ್ ಇದ್ರೆ ನಾವೇ ಹೋಗ್ಬೇಕು. ಒಬ್ಬರೇ ಹೋಗೋಕೆ ಮುಜುಗರ ಆದ್ರೆ ಡಿಎಂ ಮಾಡಿ, ನಾನು ಜೊತೆಗೆ ಬರ್ತೀನಿ.

ಸೋಮವಾರ ಕಾಸ್ಟಿಂಗ್ ಕ್ಲಾಸ್ ಆದ್ಮೇಲೆ ಲೇಡೀಸ್ ರೂಮಲ್ಲಿ ಇರ್ತೀನಿ, ಅಮ್ಮನ ಟೇಪ್ ತರ್ತೀನಿ. ನಂಬರ್ ನಿಮಗೆ ಮಾತ್ರ ಗೊತ್ತಾಗುತ್ತೆ, ಯಾರೂ ಜೋರಾಗಿ ಓದಲ್ಲ. ಹುಡುಗರೇ, ನಿಮಗೆ ಬೇಕಾದ್ರೆ ಟೇಪ್ ಕೊಡ್ತೀನಿ, ಅಳತೆ ನೀವೇ ತಗೊಳ್ಳಿ. ಸಂಜೆ ಒಳಗೆ ವಾಪಸ್ ಕೊಡಿ, ಮಂಗಳವಾರ ಅಮ್ಮ ಎರಡು ಬ್ಲೌಸ್ ಕೊಡ್ಬೇಕು.

#ತೂಕದ_ಮಾತು #ಬಿಕಾಂ_ಡೈರಿ #ದಾವಣಗೆರೆ